ಒಂದೇ ಹೆಸರು, ಮೊದಲ ಸಾಲು ಯಾರಿಗೆ?

ಮಾನ್ಯರೇ,

ಒಂದೇ ಹೆಸರಿಗೆ ಹಲವು ಅರ್ಥಗಳಿದ್ದರೆ ವಿಶ್ವಕೋಶದಲ್ಲಿ ಯಾವುದು ಮೊದಲು ಬರಬೇಕು? ಜನ ಜಾಸ್ತಿ ಹುಡುಕುವುದೇ ಬರಲಿ ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಅಮೆಜಾನ್ ಎಂದರೆ ಇವತ್ತು ಹಲವರಿಗೆ ಬಾಗಿಲಿಗೆ ಬರುವ ರಟ್ಟಿನ ಡಬ್ಬಿ. ಆ ಕಂಪನಿ ಹುಟ್ಟಿದ್ದು 1994ರಲ್ಲಿ, ಹೆಸರು ಪಡೆದದ್ದೇ ನದಿಯಿಂದ. ನದಿಯೋ, ಸುಮಾರು 6,400 ಕಿ.ಮೀ. ಹರಿದು ಬಂದು, ಕಡಲು ಸೇರಿದ ಮೇಲೂ ಬಹುದೂರ ಉಪ್ಪುನೀರಿನ ರುಚಿ ತಗ್ಗಿಸುತ್ತದೆ. ಅದನ್ನು ಎರಡನೇ ಸಾಲಿಗೆ ತಳ್ಳುವುದು ಅನ್ಯಾಯ ಅಲ್ವಾ? ಜಾರ್ಜಿಯಾದ ಕಥೆ ಬೇರೆ. ಒಂದು ದೇಶ, ಇನ್ನೊಂದು ಅಮೆರಿಕದ ರಾಜ್ಯ. ರಾಜ್ಯಕ್ಕೆ ಬ್ರಿಟನ್ನಿನ ದೊರೆ 2ನೇ ಜಾರ್ಜ್‌ನ ಹೆಸರು. ದೇಶಕ್ಕೂ ಅವನಿಗೂ ನಂಟಿಲ್ಲ. ಅಂಥ ಕಡೆ ಸುಮ್ನೆ ಎರಡನ್ನೂ ಪಕ್ಕಪಕ್ಕ ಕೊಡಲಿ, ಬೇಕಾದ್ದನ್ನು ಓದುಗರೇ ಆರಿಸಿಕೊಳ್ಳುತ್ತಾರೆ.

– ಒಬ್ಬ ಓದುಗ