ಬಲಗಾಲಿನ ಭಯ

ಪುಟ್ಟಾ,

ನಿನ್ನ ಪತ್ರ ಬಂದು ನಾಲ್ಕು ದಿನ ಆಯ್ತು, ಉತ್ತರ ಬರೆಯೋಕೆ ಅಂತ ಕೂತು ಕೂತು ಎದ್ದಿದ್ದೀನಿ. ಕಾರಿನ ಲೋನು, ಮನೇಲಾದ ವಾದ ಎಲ್ಲಾ ನಿಮ್ಮಮ್ಮ ಹೇಳಿದ್ದಾಳೆ, ಅದನ್ನ ಬಿಡು. ನನ್ನ ನಿದ್ದೆ ಕೆಡಿಸಿದ್ದು ನೀನು ಕೊನೇಲಿ ಗೀಚಿದ ಸಾಲು, "ವರ್ನಾ ಟರ್ಬೋ ಓಡಿಸಿ ನೋಡ್ದೆ ಮಾವ, ಆ ಕಾರಲ್ಲಿ ನನ್ನ ಕಾಲು ನನ್ನ ಮಾತು ಕೇಳಲ್ವೇನೋ ಅಂತ ಭಯ ಆಯ್ತು."

ಕಾಲಿನದ್ದಷ್ಟೇ ಅಲ್ಲಪ್ಪ ಅದು. ಸಾದಾ ವರ್ನಾ, ಟರ್ಬೋ ವರ್ನಾ ಎರಡರದ್ದೂ ಒಂದೂವರೆ ಲೀಟರ್ ಇಂಜಿನ್ನೇ, ಆದ್ರೆ ಶಕ್ತಿ ಸಾದಾದ್ದು 115 ಪಿಎಸ್, ಟರ್ಬೋದ್ದು 160. ಟಾರ್ಕ್, ಅಂದ್ರೆ ಎಳೆಯೋ ಬಲ, ಅಂತೂ 144 ನ್ಯೂಟನ್ ಮೀಟರ್ ಎಲ್ಲಿ, 253 ಎಲ್ಲಿ! ಹೊರಗೆ ಹೋಗೋ ಹೊಗೆಯಿಂದಲೇ ಟರ್ಬೈನ್ ತಿರುಗಿಸಿ ಇಂಜಿನ್ನಿಗೆ ಗಾಳಿ ತುರುಕ್ತಾರಲ್ಲ, ಹಂಗಾಗಿ ಅದಕ್ಕೆ 1500 ಆರ್‌ಪಿಎಂಗೇ, ಅಂದ್ರೆ ಇಂಜಿನ್ನು ನಿಮಿಷಕ್ಕೆ 1500 ಸುತ್ತು ತಿರುಗೋವಾಗ್ಲೇ, ಪೂರ್ತಿ ಎಳೆತ ಬಂದುಬಿಡುತ್ತೆ, ಸಾದಾ ಇಂಜಿನ್ನು 4500ರ ತನಕ ಏರಬೇಕು. ನೀನು ಚೂರು ಒತ್ತಿದ್ದಕ್ಕೇ ಹಾರಿರುತ್ತೆ, ಎದೆ ಝಲ್ ಅಂದಿರುತ್ತೆ.

ಆದ್ರೂ ನಿನ್ನ ಭಯ ಸುಳ್ಳು ಅಂತ ಹೇಳೋಕೆ ನಂಗೆ ಬಾಯಿ ಬರ್ತಿಲ್ಲ.

ಆ ರಾತ್ರಿ ಲಾರಿ ಓವರ್‌ಟೇಕ್ ಮಾಡೋಕೆ ಹೋಗಿ ಆದದ್ದು ನಿಂಗೆ ಗೊತ್ತೇ ಇದೆ, ನಿಮ್ಮಮ್ಮನ ಎಡಗೈ ಇವತ್ತಿಗೂ ಪೂರ್ತಿ ಮೇಲೇಳಲ್ಲ. "ಕಾರಿಗೆ ಪಿಕಪ್ಪೇ ಇರ್ಲಿಲ್ಲ, ಇದ್ದಿದ್ರೆ ದಾಟ್ತಿದ್ದೆ" ಅಂತ ನಾನು ಎಲ್ಲರ ಹತ್ರಾನೂ ಹೇಳ್ಕೊಂಡು ಬಂದೆ, ಎಲ್ಲರೂ ನಂಬಿದ್ರು, ಅವಳೂ ನಂಬಿದ್ಲು. ಎದುರಿಂದ ಬರ್ತಿದ್ದ ಲೈಟು ನಂಗೆ ಕಾಣಿಸಿತ್ತು ಪುಟ್ಟಾ. ಕಾಣಿಸಿದ ಮೇಲೂ ಆಕ್ಸಿಲರೇಟರ್ ಒತ್ತಿದೆ. ಆ ಬಡಪಾಯಿ ಕಾರಿನ ಮೇಲೆ ತಪ್ಪು ಹೊರಿಸಿ ಮಾರಿಬಿಟ್ಟೆ. ನಂಗೆ ಆಗ ನಿನ್ನಂಗೆ ಭಯ ಆಗಿರ್ಲಿಲ್ಲ, ನೀನು ಭಯ ಅಂತ ಬರೆದದ್ದು ಓದಿ ಅದೇ ಹೊಟ್ಟೇಲಿ ತಿರುವಿದಂಗಾಯ್ತು.

ಅದಕ್ಕೇ ಟರ್ಬೋ ಬೇಡ ಅನ್ನೋಕೂ ಆಗ್ತಿಲ್ಲ, ನಂದು ನಿಧಾನದ ಕಾರೇ ಆಗಿತ್ತಲ್ಲ. ಆರು ಏರ್‌ಬ್ಯಾಗ್ ಎರಡರಲ್ಲೂ ಇದೆ, 2023ರಲ್ಲಿ ಕಾರು ಗುದ್ದಿಸಿ ಸುರಕ್ಷತೆ ಪರೀಕ್ಷೆ ಮಾಡೋ ಗ್ಲೋಬಲ್ ಎನ್‌ಕ್ಯಾಪ್ ವರ್ನಾಗೆ ಐದು ಸ್ಟಾರೂ ಕೊಟ್ಟಿದೆ, ಆದ್ರೆ ಎದುರಿನ ಲೈಟು ಕಂಡಾಗ ಕಾಲು ಎತ್ತೋದು ನೀನೇ ಅಲ್ವಾ. ದಿನಾ ಟ್ರಾಫಿಕ್ಕಲ್ಲಿ ಆಫೀಸಿಗೆ ಹೋಗಿ ಬರೋದಕ್ಕೆ ಸಾದಾದ್ದು ಧಾರಾಳ ಸಾಕು ಅಂತ ನಂಗನ್ಸುತ್ತೆ, ಹೇಳೋ ಯೋಗ್ಯತೆ ನಂಗಿದೆಯೋ ಇಲ್ವೋ. ಟರ್ಬೋನೇ ತಗೊಂಡ್ರೆ ಜೋರಾಗಿ ಓಡಿಸಿ ಬಂದ ಕೂಡ್ಲೇ ಆಫ್ ಮಾಡ್ಬೇಡ, ಅರ್ಧ ನಿಮಿಷ ಹಂಗೇ ಬಿಡು, ಆಯಿಲ್ ಬದಲಾಯಿಸೋದು ಮುಂದಕ್ಕೆ ಹಾಕ್ಬೇಡ. ಇನ್ನೊಂದು ಸಲ ಟೆಸ್ಟ್ ಡ್ರೈವ್ ಕೇಳು, ಆಗ ಅಮ್ಮನ್ನ ಹಿಂದೆ ಕೂರಿಸ್ಕೋ. ಅವಳು ಕೂತಾಗ ನಿನ್ನ ಕಾಲು ಏನು ಮಾಡುತ್ತೆ ನೋಡ್ಕೊಂಡು ನಂಗೆ ಬರಿ.

ಆ ಲೈಟಿನ ವಿಷಯ ಅವಳಿಗೆ ನೀನು ಹೇಳ್ಬೇಡ. ಭಾನುವಾರ ಬರ್ತೀನಿ, ನಾನೇ ಹೇಳ್ತೀನಿ.

ನಿನ್ನ ಮಾವ