ಹಿಂದಿನ ಬೆಂಚಿನಲ್ಲಿ ಯಾರು ಕೂರುತ್ತಾರೆ?

ಸಕಲೇಶಪುರ
ಭಾನುವಾರ ಸಂಜೆ

ಪುಟ್ಟೀ,

ಇಂಗ್ಲಿಷ್ ಟೀಚರ್ ಕೆಲಸಕ್ಕೆ ಅಂತ ನೀನು ವಾಟ್ಸಾಪಿನಲ್ಲಿ ಕಳಿಸಿದ ಎರಡೂ ಕಾಂಟ್ರ್ಯಾಕ್ಟ್‌ಗಳನ್ನು, ಥಾಯ್ಲೆಂಡಿನದು, ವಿಯೆಟ್ನಾಮಿನ ಹನೋಯ್‌ದು, ಪೇಟೆಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದೆ. ಫೋನಿನಲ್ಲಿ ಓದಿದ್ದು ನನ್ನ ತಲೆಗೆ ಹೋಗುವುದಿಲ್ಲ. ಕೆಂಪು ಪೆನ್ನು ಹಿಡಿದೇ ಓದಲು ಕೂತೆ. ರಿಟೈರ್ ಆದರೂ ಆ ಚಾಳಿ ಹೋಗಿಲ್ಲ ನೋಡು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಮೂರನೇ ಮಾತಿಗೆ "ಆಯ್ತಮ್ಮಾ, ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡುತ್ತೀಯ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಅಪ್ಪನಿಗೆ ಹನೋಯ್ ವಿಷಯ ಹೇಳಿದೆ. "ವಿಯೆಟ್ನಾಮಾ? ಅಲ್ಲಿ ಈ ಸಲ ಫಸಲು ಹೇಗಿದೆಯಂತೆ ಕೇಳು" ಅಂದರು! ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಜಾಸ್ತಿ ಕಾಫಿ ಬೆಳೆಯುವವರು ಅವರೇ, ಅದೂ ಹೆಚ್ಚಿನದು ರೊಬಸ್ಟಾ ಜಾತಿಯದು. ಅಲ್ಲಿ ಬೆಳೆ ಕೈಕೊಟ್ಟರೆ ಇಲ್ಲಿ ನಮ್ಮ ಮೂಟೆಗೆ ರೇಟು ಏರುತ್ತದೆ. ಹಾಗಾಗಿ ಆ ದೇಶದ ಹೆಸರು ನಮ್ಮ ಮನೆಯಲ್ಲಿ ವರ್ಷವಿಡೀ ಕೇಳುತ್ತಲೇ ಇರುತ್ತದೆ. ಸಂಜೆ ಮಾತ್ರ ತೋಟದಿಂದ ಬಂದವರೇ, "ಅಲ್ಲಿಗೆ ಎಷ್ಟು ಗಂಟೆ ಪ್ರಯಾಣ?" ಅಂತ ಮೆಲ್ಲಗೆ ಕೇಳಿದರು.

ಮೊದಲು ಥಾಯ್ಲೆಂಡಿನದು. ಅದನ್ನು ಬಿಡು. ಇದರಲ್ಲಿ ನನಗೆ ಎರಡನೇ ಯೋಚನೆಯೇ ಇಲ್ಲ. ಏಜೆಂಟ್ ಒಂದೂವರೆ ಲಕ್ಷ ಕೇಳುತ್ತಿದ್ದಾನೆ. ವಿದೇಶಕ್ಕೆ ಕೆಲಸಕ್ಕೆ ಕಳಿಸುವವರು 1983ರ ವಲಸೆ ಕಾಯ್ದೆಯ ಕೆಳಗೆ ಕೇಂದ್ರ ಸರ್ಕಾರದಲ್ಲಿ ನೋಂದಣಿ ಮಾಡಿಸಿಕೊಂಡಿರಬೇಕು. ಅವರು ತೆಗೆದುಕೊಳ್ಳಬಹುದಾದ ಫೀಸು ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಇವನ ನೋಂದಣಿ ನಂಬರ್ ಕೇಳಿದ್ದೀಯಾ? ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹುಡುಕಿದರೆ ಸಿಗಬೇಕು. ಅದಕ್ಕಿಂತ ನನ್ನನ್ನು ಹೆದರಿಸಿದ್ದು ಅವನ ಇನ್ನೊಂದು ಮಾತು. "ಈಗ ಟೂರಿಸ್ಟ್ ಆಗಿ ಹೋಗಿ, ವರ್ಕ್ ಪರ್ಮಿಟ್ ಅಲ್ಲೇ ಮಾಡಿಸೋಣ" ಅಂದನಂತಲ್ಲ? ಅಲ್ಲಿ ಪಾಠ ಹೇಳಲು ನಾನ್-ಇಮಿಗ್ರೆಂಟ್ ಬಿ ವೀಸಾ ಬೇಕು, ವರ್ಕ್ ಪರ್ಮಿಟ್ಟೂ ಬೇಕು. ಎರಡೂ ಇಲ್ಲದೆ ಕ್ಲಾಸಿನಲ್ಲಿ ನಿಂತರೆ ತಪ್ಪು ನಿನ್ನದಾಗುತ್ತದೆ. ಅವನು ಬೆಂಗಳೂರಿನಲ್ಲಿ ಆರಾಮಾಗಿ ಕೂತಿರುತ್ತಾನೆ.

ಕೆಲಸ ಅಂತ ಬ್ಯಾಂಕಾಕಿಗೆ ಕರೆಸಿಕೊಂಡು, ಗಡಿ ದಾಟಿಸಿ, ಮ್ಯಾನ್ಮಾರಿನ ಮ್ಯಾವಡಿ ಕಡೆಯ ಸೈಬರ್ ವಂಚನೆ ಅಡ್ಡೆಗಳಲ್ಲಿ ಕೂರಿಸಿದ ಸುದ್ದಿ ನೀನೂ ಓದಿರುತ್ತೀಯ. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನ ಹೋಗಿ ಐನೂರಕ್ಕೂ ಹೆಚ್ಚು ಜನರನ್ನು ಕರೆತಂದಿತು. ನಿನ್ನ ಏಜೆಂಟ್ ಅಂಥವನು ಅನ್ನುತ್ತಿಲ್ಲ. ಅವರನ್ನು ಕಳಿಸಿದವರೂ ನೋಡಲು ಒಳ್ಳೆಯವರ ಹಾಗೇ ಇದ್ದಿರಬೇಕು, ಅಲ್ವಾ?

ಸಂಬಳದ ಲೆಕ್ಕವೂ ಸರಿ ಇಲ್ಲ. ತಿಂಗಳಿಗೆ 25,000 ಬಾತ್, ಅಂದರೆ ನಮ್ಮ ಅರವತ್ತೈದು-ಎಪ್ಪತ್ತು ಸಾವಿರದ ಆಸುಪಾಸು. ಕಾಗದ ತಿರುಗಿಸಿ ನೋಡು, ಕಾಂಟ್ರ್ಯಾಕ್ಟ್ ಹತ್ತೇ ತಿಂಗಳದ್ದು. ಅಲ್ಲಿ ಶಾಲೆ ಶುರುವಾಗುವುದು ಮೇ ನಡುವಿನಲ್ಲಿ, ಮುಗಿಯುವುದು ಮಾರ್ಚ್‌ನಲ್ಲಿ. ಬೇಸಿಗೆ ರಜೆಯಲ್ಲಿ ನೀನು ಏನು ತಿನ್ನುತ್ತೀ ಅಂತ ಅದರಲ್ಲಿ ಬರೆದಿಲ್ಲ.

ಇನ್ನು ನೀನು ಮೊನ್ನೆ ರಾತ್ರಿ ಕೇಳಿದ ಪ್ರಶ್ನೆ. "ಎಲ್‌ಕೆಜಿಯಿಂದ ಎಂಎವರೆಗೂ ಇಂಗ್ಲಿಷಲ್ಲೇ ಓದಿದೀನಿ. ನನ್ನ ಇಂಗ್ಲಿಷ್‌ಗೆ ಏನು ಕಡಿಮೆ ಆಗಿದೆ?" ಏನೂ ಆಗಿಲ್ಲ ಕಣೇ. ಅವರು ನೋಡುವುದು ನಿನ್ನ ಪಾಸ್‌ಪೋರ್ಟನ್ನು. ದಕ್ಷಿಣ ಕೊರಿಯಾದ ಟ್ಯೂಷನ್ ಶಾಲೆಗಳಿಗೆ ಹಾಗ್ವನ್ ಅನ್ನುತ್ತಾರೆ. ಅಲ್ಲಿ ಇಂಗ್ಲಿಷ್ ಕಲಿಸಲು ಇ-2 ವೀಸಾ ಸಿಗುವುದು ಏಳು ದೇಶದವರಿಗೆ. ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ನಮ್ಮ ಹೆಸರು ಆ ಪಟ್ಟಿಯಲ್ಲಿಲ್ಲ. ಒಂದು ಸಂದು ಮಾತ್ರ ಇದೆ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಒಪ್ಪಂದದ ಪ್ರಕಾರ, ಇಂಗ್ಲಿಷ್ ಡಿಗ್ರಿಯ ಜೊತೆ ಶಿಕ್ಷಕರ ಅರ್ಹತೆಯೂ ಇರುವ ಭಾರತೀಯರು ಅಲ್ಲಿನ ಸರ್ಕಾರಿ ಶಾಲೆಗೆ ಸಹಾಯಕ ಶಿಕ್ಷಕರಾಗಿ ಹೋಗಬಹುದು. ನಾನು ಬಿ.ಎಡ್. ಮಾಡು ಅಂದಾಗ ನೀನು ನಗಾಡಿದ್ದೆ, ನೆನಪಿದೆಯಾ? ಚುಚ್ಚುವುದಕ್ಕೆ ಹೇಳುತ್ತಿಲ್ಲ. ಸರಿ, ಸ್ವಲ್ಪ ಚುಚ್ಚುವುದಕ್ಕೇ ಹೇಳುತ್ತಿದ್ದೇನೆ.

ಹನೋಯ್‌ನ ಟ್ಯೂಷನ್ ಸೆಂಟರಿನವರು ನಿನಗೆ ಕೊಡುತ್ತೇವೆ ಅಂದಿರುವುದು ಗಂಟೆಗೆ ಅವರ ದುಡ್ಡಿನಲ್ಲಿ 3 ಲಕ್ಷ ಡಾಂಗ್. ಇಂಗ್ಲೆಂಡಿನಿಂದ ಬಂದ, ನಿನ್ನಷ್ಟೇ ಅನುಭವದ ಹುಡುಗನಿಗೆ ಅದಕ್ಕಿಂತ ಜಾಸ್ತಿ ಅಂತ ನೀನೇ ಹೇಳಿದೆ. ಇದು ಅನ್ಯಾಯ. ಅನ್ಯಾಯ ಅಂತ ಗೊತ್ತಿದ್ದೇ ಹೋಗು. ಆದರೆ ಅವನ ಹಾಗೆ ಮಾತಾಡಲು ಹೋಗಿ ನಾಲಿಗೆ ತಿರುಚಿಕೊಳ್ಳಬೇಡ. ಆ ಮಕ್ಕಳಿಗೆ ಇಂಗ್ಲಿಷ್ ಎಲ್ಲಿ ಕಷ್ಟವಾಗುತ್ತದೆ ಅನ್ನುವುದು, ಅದನ್ನು ಕಲಿತು ಬಂದ ನಿನಗೆ ಬೇಗ ಗೊತ್ತಾಗುತ್ತದೆ. ವಿಯೆಟ್ನಾಮಿನ ಮಕ್ಕಳು ಪದದ ಕೊನೆಯ ವ್ಯಂಜನವನ್ನು ನುಂಗಿಬಿಡುತ್ತಾರಂತೆ. ನಮ್ಮ ಮಕ್ಕಳು ಅಲ್ಲಿಗೊಂದು ಉಕಾರ ಅಂಟಿಸುತ್ತಾರೆ. ಬಸ್ಸು, ಬುಕ್ಕು, ಪೆನ್ನು. ನಾನು ಮೂವತ್ತು ವರ್ಷ ಆ ಉಕಾರವನ್ನು ಕಿತ್ತು ಹಾಕಿದೆ. ನೀನು ಅಲ್ಲಿ ಹೋಗಿ ಬಾಲ ಅಂಟಿಸುವ ಕೆಲಸ ಮಾಡಬೇಕು.

ಈಗ ನಾನು ನಿಜವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ.

ನಾನು 1994ರಲ್ಲಿ ಕೆಲಸಕ್ಕೆ ಸೇರಿದಾಗ ಸಿಕ್ಕಿದ್ದು ಬಸ್ಸಿಳಿದು ಎರಡು ಮೈಲಿ ನಡೆಯಬೇಕಾದ ಹೈಸ್ಕೂಲು. ಮೊದಲ ದಿನ ಎಂಟನೇ ಕ್ಲಾಸಿಗೆ ಪೂರ್ತಿ ಪಿರಿಯಡ್ ಇಂಗ್ಲಿಷಿನಲ್ಲೇ ಪಾಠ ಮಾಡಿದೆ. ಬೆಲ್ ಹೊಡೆದ ಮೇಲೆ ಒಬ್ಬ ಹುಡುಗ ಹತ್ತಿರ ಬಂದು, ಬಹಳ ಮರ್ಯಾದೆಯಿಂದ, "ಮಿಸ್, ನೀವು ಯಾವ ಸಬ್ಜೆಕ್ಟಿಗೆ ಬಂದಿರೋದು?" ಅಂತ ಕೇಳಿದ. ಆಮೇಲೆ ಏಳು ವರ್ಷ ನನ್ನ ಪಾಠವನ್ನು ದೊಡ್ಡವರು ಯಾರೂ ಕೂತು ಕೇಳಲಿಲ್ಲ. ಇನ್‌ಸ್ಪೆಕ್ಟರು ಬರುತ್ತಿದ್ದರು. ಹಾಜರಿ ಪುಸ್ತಕ ನೋಡುತ್ತಿದ್ದರು, ಟೀ ಕುಡಿದು ಹೋಗುತ್ತಿದ್ದರು. ನಾನು ಒಳ್ಳೆಯ ಟೀಚರ್ ಅಂತ ನನಗೆ ನಾನೇ ಸರ್ಟಿಫಿಕೇಟ್ ಕೊಟ್ಟುಕೊಂಡಿದ್ದೆ.

ಆಮೇಲೆ ಬೆಂಗಳೂರಿನ ಜ್ಞಾನಭಾರತಿಯ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೆ ತರಬೇತಿಗೆ ಹಾಕಿದರು. ನೀನಾಗ ಪುಟ್ಟ ಮಗು, ಅಜ್ಜಿ ಹತ್ತಿರ ಬಿಟ್ಟು ಹೋಗಿದ್ದೆ. ಅಲ್ಲಿ ಒಂದು ಡೆಮೊ ಕ್ಲಾಸ್ ಮಾಡಬೇಕಿತ್ತು. ಹಿಂದಿನ ಬೆಂಚಿನಲ್ಲಿ ತರಬೇತಿಯ ಮೇಡಂ ಗಡಿಯಾರ ಇಟ್ಟುಕೊಂಡು ಕೂತಿದ್ದರು. ಮುಗಿದ ಮೇಲೆ ಒಂದು ಚೀಟಿ ಕೊಟ್ಟರು. "ನಲವತ್ತು ನಿಮಿಷ. ನೀವು ಮಾತಾಡಿದ್ದು ಮೂವತ್ತನಾಲ್ಕು. ಮಕ್ಕಳು ಎರಡು." ಅಷ್ಟೇ. ಹಾಸ್ಟೆಲಿಗೆ ಹೋಗಿ ಅತ್ತೆ. ಮುಂದಿನ ವಾರ ಹದಿನೆಂಟಕ್ಕೆ ಇಳಿಸಿದೆ. ಏಳು ವರ್ಷದಲ್ಲಿ ಕಲಿಯದೇ ಇದ್ದದ್ದನ್ನು ಆ ತಿಂಗಳಲ್ಲಿ ಕಲಿತೆ. ಆ ಏಳು ವರ್ಷದ ಮಕ್ಕಳನ್ನು ನೆನೆದರೆ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ.

ಹಾಗಾಗಿ ಹನೋಯ್‌ನವರಿಗೆ ನೀನು ಕೇಳಬೇಕಾದ ಮೊದಲ ಪ್ರಶ್ನೆ ಇದು. ಮೊದಲ ಮೂರು ತಿಂಗಳು ನನ್ನ ಕ್ಲಾಸಿನಲ್ಲಿ ಹಿಂದೆ ಯಾರು ಕೂರುತ್ತಾರೆ? ವಾರಕ್ಕೆ ಎಷ್ಟು ಸಲ? ಆಮೇಲೆ ಅವರು ನನ್ನ ಜೊತೆ ಕೂತು ಮಾತಾಡುತ್ತಾರಾ? ಸೀನಿಯರ್ ಟೀಚರ್ ಇದ್ದಾರೆ ಅಂದರೆ ಅವರ ಜೊತೆ ಫೋನಿನಲ್ಲಿ ಹತ್ತು ನಿಮಿಷ ಮಾತಾಡಿಸಿ ಅನ್ನು. ತಡವರಿಸಿದರೆ ಅರ್ಥ ಮಾಡಿಕೋ. ಹೊಸಬಳಿಗೆ ಸಂಬಳಕ್ಕಿಂತ ಇದು ದೊಡ್ಡದು. ಬೆಲೆಬಾಳುವ ಎಸಿ ರೂಮು, ಸ್ಮಾರ್ಟ್ ಬೋರ್ಡು ಎಲ್ಲ ಫೋಟೊದಲ್ಲಿ ಚೆನ್ನಾಗಿವೆ. ಅವು ನಿನಗೆ ಪಾಠ ಹೇಳಲು ಕಲಿಸುವುದಿಲ್ಲ.

ಇಂಗ್ಲಿಷ್ ಕಲಿಸುವುದಕ್ಕೆ ಅಂತ ನೀನು ಮಾಡಿದ 120 ಗಂಟೆಯ ಆನ್‌ಲೈನ್ ಟೆಫಲ್ ಕೋರ್ಸಿನ ಸರ್ಟಿಫಿಕೇಟ್ ನೋಡಿದೆ. ಗಂಟೆ ಏನೋ ನೂರಿಪ್ಪತ್ತು. ಅದರಲ್ಲಿ ನೀನು ಮಕ್ಕಳ ಮುಂದೆ ನಿಂತದ್ದು ಒಂದು ನಿಮಿಷವೂ ಇಲ್ಲ. ಕೇಂಬ್ರಿಡ್ಜ್‌ನ ಸೆಲ್ಟಾ ಅಂತ ಒಂದು ಕೋರ್ಸ್ ಇದೆಯಲ್ಲ, ಅದೂ ಸುಮಾರು ಅಷ್ಟೇ ಗಂಟೆಯದು. ಆದರೆ ಅದರಲ್ಲಿ ಕಡಿಮೆ ಅಂದರೂ ಆರು ಗಂಟೆ ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡಬೇಕು, ಯಾರೋ ಹಿಂದೆ ಕೂತು ಬರೆದುಕೊಳ್ಳುತ್ತಾರೆ. ಫೀಸು ಜಾಸ್ತಿ, ಗೊತ್ತು. ಏಜೆಂಟ್‌ಗೆ ಕೊಡಲು ನನ್ನ ಹತ್ತಿರ ಒಂದು ರೂಪಾಯಿ ಇಲ್ಲ. ಇದಕ್ಕಾದರೆ ನನ್ನ ಎಫ್‌ಡಿ ಮುರಿಸುತ್ತೇನೆ. ಅಪ್ಪನನ್ನು ಕೇಳಬೇಕಾಗಿಲ್ಲ.

ಆಮೇಲೆ ಗಂಟೆಯ ಲೆಕ್ಕ. 3 ಲಕ್ಷ ಡಾಂಗ್ ಅಂದರೆ ಹೆಚ್ಚುಕಡಿಮೆ ಸಾವಿರ ರೂಪಾಯಿ. ವಾರಕ್ಕೆ 20 ಗಂಟೆ ಅಂತ ಹಿಡಿದು ನೀನು ತಿಂಗಳಿಗೆ ಎಂಬತ್ತು ಸಾವಿರ ಅಂದೆ. ಕಾಗದದಲ್ಲಿ ಬರೆದಿರುವುದು "20 ಗಂಟೆಗಳವರೆಗೆ" ಅಂತ. ಅದಕ್ಕೆ ಕೆಂಪು ಗೆರೆ ಎಳೆದಿದ್ದೇನೆ. ಹದಿನೈದು ಗಂಟೆ ಕೊಟ್ಟರೂ ಅವರು ಮಾತು ತಪ್ಪಿದ ಹಾಗಾಗುವುದಿಲ್ಲ, ಆದರೆ ನಿನ್ನ ಕೈಗೆ ಅರವತ್ತೇ ಸಾವಿರ. "ಕನಿಷ್ಠ ಇಷ್ಟು ಗಂಟೆ" ಅಂತ ಬರೆಸು. ಟೆಟ್ ಅಂತ ಅವರ ಹೊಸವರ್ಷ ಬರುತ್ತದೆ, ಜನವರಿ ಕೊನೆ ಇಲ್ಲವೇ ಫೆಬ್ರವರಿಯಲ್ಲಿ. ಆಗ ಊರೇ ಬಾಗಿಲು ಹಾಕುತ್ತದೆ. ಗಂಟೆ ಲೆಕ್ಕದ ಸಂಬಳದವರಿಗೆ ಆ ದಿನಗಳು ಸೊನ್ನೆ. ಪಾಠ ತಯಾರಿಗೆ, ಪೇಪರ್ ತಿದ್ದುವುದಕ್ಕೆ, ಒಂದು ಬ್ರಾಂಚಿನಿಂದ ಇನ್ನೊಂದಕ್ಕೆ ಓಡುವುದಕ್ಕೆ ದುಡ್ಡು ಇದೆಯಾ ಕೇಳು. ವರ್ಷದಲ್ಲಿ 183 ದಿನ ಅಲ್ಲಿ ಇರದವರಿಗೆ 20% ತೆರಿಗೆ ಹಿಡಿಯುತ್ತಾರೆ. ನೀನು ಹೋಗುವ ತಿಂಗಳು ನೋಡಿಕೊಂಡು ಅದನ್ನೂ ಕೇಳು. ಕೆಲಸ ಸಂಜೆ ಮತ್ತು ಶನಿವಾರ-ಭಾನುವಾರ. ಮಕ್ಕಳು ಶಾಲೆ ಮುಗಿಸಿ ಬಂದ ಮೇಲೆ ತಾನೆ ಇವರ ಅಂಗಡಿ ತೆರೆಯುವುದು.

ಅಂಗಡಿ ಅಂದೆ. ಆ ಮಾತು ಹಿಂದೆ ತೆಗೆದುಕೊಳ್ಳುವುದಿಲ್ಲ. ಜಪಾನಿನಲ್ಲಿ ನೋವಾ ಅಂತ ಇಂಗ್ಲಿಷ್ ಕಲಿಸುವ ಕಂಪನಿ ಇತ್ತು, ಅಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. 2007ರ ಅಕ್ಟೋಬರ್‌ನಲ್ಲಿ ಕುಸಿದು ಬಿತ್ತು. ಸಾವಿರಾರು ವಿದೇಶಿ ಟೀಚರುಗಳಿಗೆ ಸಂಬಳ ಬರಲಿಲ್ಲ. ಬಾಡಿಗೆ ಅಂತ ಸಂಬಳದಲ್ಲಿ ಹಿಡಿದುಕೊಂಡಿದ್ದನ್ನು ಕಂಪನಿ ಮನೆಯ ಮಾಲೀಕರಿಗೆ ಕೊಟ್ಟಿರಲಿಲ್ಲ, ಹಾಗಾಗಿ ಕೆಲವರಿಗೆ ಮನೆ ಬಿಡುವ ನೋಟಿಸೂ ಬಂತು. ಚೀನಾದಲ್ಲಿ 2021ರ ಜುಲೈನಲ್ಲಿ ಸರ್ಕಾರದ ಒಂದೇ ಆದೇಶಕ್ಕೆ ಟ್ಯೂಷನ್ ವ್ಯಾಪಾರವೇ ಮಲಗಿತು. ನಿನ್ನ ಕಾಗದದಲ್ಲಿ "ವಸತಿ ಉಚಿತ" ಅಂತ ಇದೆ. ಎರಡು ತಿಂಗಳು ಇರು, ಆಮೇಲೆ ಬೇರೆ ರೂಮು ನೋಡಿಕೋ. ಕೆಲಸ ಕೊಟ್ಟವರ ಕೈಯಲ್ಲೇ ಮನೆಯ ಕೀಲಿಯೂ ಇರುವುದು ಬೇಡ. ವಾಪಸ್ ಬರುವ ಟಿಕೆಟ್ಟಿನ ದುಡ್ಡು ಬೇರೆ ಇಟ್ಟಿರು. ಅದನ್ನು ಅಪ್ಪ ಕೊಡುತ್ತಾರೆ, ಕೇಳಲು ಬೇಜಾರು ಮಾಡಿಕೊಳ್ಳಬೇಡ.

ಕಾಗದ ಪತ್ರದ ಕೆಲಸ ಈಗಲೇ ಶುರು ಮಾಡು. ಡಿಗ್ರಿ ಸರ್ಟಿಫಿಕೇಟಿಗೆ ರಾಜ್ಯದ ಸಹಿ, ವಿದೇಶಾಂಗ ಇಲಾಖೆಯ ಸಹಿ, ಅವರು ಕೇಳಿದರೆ ವಿಯೆಟ್ನಾಂ ರಾಯಭಾರ ಕಚೇರಿಯ ಮೊಹರು, ಹೀಗೆ ಒಂದಾದ ಮೇಲೊಂದು ಇರುತ್ತದೆ. ಪಾಸ್‌ಪೋರ್ಟ್ ಆಫೀಸಿನಿಂದ ಪೊಲೀಸ್ ಕ್ಲಿಯರೆನ್ಸ್ ಬೇಕು. ವರ್ಕ್ ಪರ್ಮಿಟ್‌ಗೆ ಅರ್ಜಿ ಹಾಕಬೇಕಾದವರು ಸೆಂಟರಿನವರು, ನೀನಲ್ಲ. ಒರಿಜಿನಲ್ ಡಿಗ್ರಿ, ಪಾಸ್‌ಪೋರ್ಟ್ ಯಾರ ಬೀರುವಿನಲ್ಲೂ ಇರಕೂಡದು.

ಬೆಂಗಳೂರಿನ ಕಂಪನಿಯ ಕೆಲಸ ಬಿಡಬೇಡ ಅಂತ ನಾನು ಹೇಳುವುದಿಲ್ಲ. ರಾತ್ರಿ ಪಾಳಿಯಲ್ಲಿ ಯಾರದೋ ರೀಫಂಡ್ ವಿಷಯ ಮಾತಾಡಿ ನಿನ್ನ ದನಿಯೇ ಬದಲಾಗಿದೆ. ಬಿಡು. ಆದರೆ ವರ್ಕ್ ಪರ್ಮಿಟ್‌ನ ಕಾಗದ ಕೈಗೆ ಬಂದ ಮೇಲೆ ಬಿಡು.

ನೀನು ಪಾಠ ಮಾಡಿದ ವೀಡಿಯೊ ಒಂದು ಕಳಿಸು ಅಂತ ಹನೋಯ್‌ನವರು ಅಂದಿದ್ದಾರಲ್ಲ? ಖಾಲಿ ಗೋಡೆಗೆ ಪಾಠ ಮಾಡಿ ಕಳಿಸಬೇಡ. ನಮ್ಮ ಹೆಡ್‌ಮಾಸ್ಟರ ಹತ್ತಿರ ಮಾತಾಡಿದ್ದೇನೆ. ಬರುವ ಶನಿವಾರ ಎಂಟನೇ ಕ್ಲಾಸ್ ಬಿ ಸೆಕ್ಷನ್, ಎರಡನೇ ಪಿರಿಯಡ್, ಮೂವತ್ತೊಂದು ಮಕ್ಕಳು. ಶುಕ್ರವಾರ ರಾತ್ರಿಯ ಬಸ್ಸಿಗೇ ಬಾ. ವೀಡಿಯೊ ತೆಗೆಯಲು ಅಪ್ಪ ಬರುತ್ತಾರಂತೆ, ಫೋನನ್ನು ಅಡ್ಡ ಹಿಡಿಯುವುದು ಅಂತ ಅವರಿಗೆ ಹೇಳಿಕೊಟ್ಟರೆ ಸಾಕು. ನಾನು ಹಿಂದಿನ ಬೆಂಚಿನಲ್ಲಿ ಕೂತಿರುತ್ತೇನೆ. ಗಡಿಯಾರಕ್ಕೆ ಸೆಲ್ ಹಾಕಿಸಿ ಆಯ್ತು.

ಅಮ್ಮ