ಜೆಪ್ಪು ಸೆಮಿನರಿಗೆ ಒಂದು ಅಂಚೆ ಚೀಟಿ: ಬೀದರ್ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರಗಳು.

ಮಂಗಳೂರಿನ ಜೆಪ್ಪುವಿನಲ್ಲಿರುವ, ಕ್ಯಾಥೊಲಿಕ್ ಗುರುಗಳನ್ನು ತಯಾರು ಮಾಡುವ ಸಂತ ಜೋಸೆಫರ ಸೆಮಿನರಿಗೆ 2029ಕ್ಕೆ 150 ವರ್ಷ ತುಂಬುತ್ತದೆ. ಆ ನೆನಪಿಗೆ ಅಂಚೆ ಇಲಾಖೆ ಒಂದು ಚೀಟಿ ಹೊರತರಬೇಕು. ಅದಕ್ಕಾಗಿ ನೀವು ಈಗಲೇ ಕೇಂದ್ರ ಸಂಪರ್ಕ ಸಚಿವರಿಗೆ ಪತ್ರ ಬರೆಯಬೇಕು ಅನ್ನೋದು ನನ್ನ ಬೇಡಿಕೆ.

ಮಂಗಳೂರಿನ ಕೆಲಸಕ್ಕೆ ಬೀದರ್‌ನವರು ಯಾಕೆ ಓಡಾಡಬೇಕು ಅಂತ ನಿಮಗೆ ಅನಿಸಬಹುದು. ಚೀಟಿಯೊಂದು ಏನು ಮಾಡಬಲ್ಲದು ಅಂತ ನಮಗೆ ಚೆನ್ನಾಗಿ ಗೊತ್ತು, ಅದಕ್ಕೆ. 1931ರಲ್ಲಿ ಹೈದರಾಬಾದ್ ಸಂಸ್ಥಾನ ಚಿತ್ರಗಳಿರುವ ಅಂಚೆ ಚೀಟಿಗಳನ್ನು ತಂದಿತು. ಒಂದರ ಮೇಲೆ ಚಾರ್‌ಮಿನಾರ್, ಒಂದರ ಮೇಲೆ ಹೈಕೋರ್ಟ್, ಇನ್ನೊಂದರ ಮೇಲೆ ಅಜಂತಾ. ಅದೇ ಸಾಲಿನ 12 ಆಣೆಯ ಕೆಂಪು ಚೀಟಿ ಮೇಲೆ ಬಹಮನಿ ಮಂತ್ರಿ ಮಹಮೂದ್ ಗವಾನ ಕಟ್ಟಿಸಿದ ನಮ್ಮ ಮದರಸಾ! ಕೆಟಲಾಗುಗಳಲ್ಲಿ ಅದಕ್ಕೆ ‘ಬೀದರ್ ಕಾಲೇಜು’ ಅಂತಲೇ ಹೆಸರು. 1472ರಲ್ಲಿ ಕಟ್ಟಿದ ಆ ವಿದ್ಯಾಲಯದಲ್ಲಿ ಪಾಠ ನಿಂತು ಶತಮಾನಗಳಾದವು. ಎರಡು ಮಿನಾರ್‌ಗಳಲ್ಲಿ ಉಳಿದಿರುವುದು ಒಂದೇ, ಗೋಡೆ ಮೇಲೆ ಅಲ್ಲಲ್ಲಿ ನೀಲಿ ಹೆಂಚು. ಆದರೂ ದೇಶ ವಿದೇಶದಲ್ಲಿ ಹಳೆ ಚೀಟಿ ಕೂಡಿಡುವವರ ಆಲ್ಬಮ್ಮಿನಲ್ಲಿ ಬೀದರ್ ಇವತ್ತಿಗೂ ಇದೆ.

ಜೆಪ್ಪುವಿನಲ್ಲಿ ಪಾಠ ಇನ್ನೂ ನಡೆಯುತ್ತಿದೆ. 1878ರ ಕೊನೆಗೆ ಇಟಲಿಯ ಜೆಸ್ವಿಟ್ ಪಾದ್ರಿಗಳು ಮಂಗಳೂರಿಗೆ ಬಂದರು. ಅವರ ಹೆಸರು ಹೇಳಿದರೆ ಎಲ್ಲರಿಗೂ ನೆನಪಾಗುವುದು ಸಂತ ಅಲೋಶಿಯಸ್ ಕಾಲೇಜು, ಫಾದರ್ ಮುಲ್ಲರ್ ಆಸ್ಪತ್ರೆ. ಅವೆರಡೂ ಶುರುವಾದದ್ದು 1880ರಲ್ಲಿ. ಸೆಮಿನರಿ ಅದಕ್ಕೂ ಮುಂಚೆ, 1879ರಲ್ಲೇ. ಊರಿನ ಹುಡುಗರನ್ನೇ ಗುರುಗಳಾಗಿ ತಯಾರು ಮಾಡಬೇಕು ಅಂತ ಅವರು ಮೊದಲು ಕೈಹಾಕಿದ್ದು ಅದಕ್ಕೇ. ನನಗೆ ಇದೇ ದೊಡ್ಡ ವಿಷಯ ಅನ್ನಿಸುತ್ತದೆ. ಅಲ್ಲಿ ಓದಿ 1900ರಲ್ಲಿ ಗುರುದೀಕ್ಷೆ ಪಡೆದ ರೇಮಂಡ್ ಮಸ್ಕರೇನ್ಹಸ್ 1921ರಲ್ಲಿ ಬೆಥನಿ ಸಿಸ್ಟರ್‌ಗಳ ಸಂಸ್ಥೆ ಕಟ್ಟಿದರು.

ನಮ್ಮ ಕಡೆಗೂ ಇದಕ್ಕೂ ನಂಟಿದೆ. 2005ರಲ್ಲಿ ಬೀದರ್ ಕೂಡ ಸೇರಿದ ಗುಲ್ಬರ್ಗಾ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಕೈಕೆಳಗಿನ ಪ್ರದೇಶ, ಆಯಿತು. ಜೆಪ್ಪು ಸೆಮಿನರಿ ಒಂದೇ ಧರ್ಮಪ್ರಾಂತ್ಯದ್ದಲ್ಲ, ಹಲವು ಧರ್ಮಪ್ರಾಂತ್ಯಗಳ ಹುಡುಗರು ಅಲ್ಲಿ ಕಲಿಯುತ್ತಾರೆ. ಮನೆಯಲ್ಲಿ ಕೊಂಕಣಿ ಮಾತಾಡಿ ಬೆಳೆದ ಫಾದರ್ ಒಬ್ಬರು ಇಲ್ಲಿಗೆ ಸೇವೆಗೆ ಬಂದು ನಮ್ಮ ಮೇ ತಿಂಗಳ ಬಿಸಿಲಿಗೆ, ಜೋಳದ ರೊಟ್ಟಿಗೆ, ಉರ್ದು ಬೆರೆತ ಕನ್ನಡಕ್ಕೆ ಹೊಂದಿಕೊಳ್ಳೋದು ಸುಮ್ನೆ ಆಗೋ ಮಾತಲ್ಲ. ಆ ತಯಾರಿ ಇಂಥ ಕಡೆಯೇ ಶುರುವಾಗುತ್ತದೆ.

ಒಂದು ಧರ್ಮದ ಗುರುಗಳ ಶಾಲೆಗೆ ಸರ್ಕಾರದ ಚೀಟಿ ಯಾಕೆ ಅಂತ ದೆಹಲಿಯಲ್ಲಿ ಯಾರಾದರೂ ಕೇಳಿದರೆ, 1980ರಲ್ಲಿ ದೇವಬಂದಿನ ಇಸ್ಲಾಮಿ ವಿದ್ಯಾಲಯ ದಾರುಲ್ ಉಲೂಮ್‌ಗೆ ಚೀಟಿ ತಂದದ್ದನ್ನು ನೆನಪಿಸಿ.

ಇನ್ನೊಂದು ವಿಷಯದಲ್ಲಿ ದಯವಿಟ್ಟು ಗಟ್ಟಿಯಾಗಿ ನಿಲ್ಲಿ. ‘ಮೈ ಸ್ಟ್ಯಾಂಪ್’ ಮಾಡಿಸಿಕೊಡ್ತೀವಿ ಅಂದರೆ ಒಪ್ಪಬೇಡಿ. ಅದು ಹಣ ಕಟ್ಟಿದ ಯಾರಿಗಾದರೂ ಸಿಗುತ್ತದೆ, ಮದುವೆ ಫೋಟೊ ಹಾಕಿಸಿಕೊಂಡವರೂ ಇದ್ದಾರೆ. ವಿಶೇಷ ಲಕೋಟೆ ಒಳ್ಳೆಯದೇ, ಆದರೆ ಅದರ ಮೇಲೆ ಅಂಟಿಸುವುದು ಬೇರೆ ಯಾವುದೋ ಚೀಟಿಯನ್ನು. ಪೇಪರಿನಲ್ಲಿ ಮಾತ್ರ ಎಲ್ಲಕ್ಕೂ ‘ಅಂಚೆ ಚೀಟಿ ಬಿಡುಗಡೆ’ ಅಂತಲೇ ಬರುತ್ತದೆ. ನಾವು ಕೇಳುತ್ತಿರುವುದು ಸ್ಮರಣಾರ್ಥ ಚೀಟಿ. ಇಲಾಖೆಯ ಫಿಲಾಟೆಲಿ (ಅಂಚೆ ಚೀಟಿ ವಿಷಯದ) ಸಲಹಾ ಸಮಿತಿ ಪರಿಶೀಲಿಸಿ, ದೇಶದ ಹೆಸರಲ್ಲಿ ಅಚ್ಚಾಗುವಂಥದ್ದು. ಅದರ ಜೊತೆ ಸಂಸ್ಥೆಯ ಕಥೆ ಹೇಳುವ ಮಾಹಿತಿ ಪತ್ರವೂ ಬರುತ್ತದೆ, ಜಗತ್ತಿನ ಕೆಟಲಾಗುಗಳಲ್ಲೂ ಸೇರುತ್ತದೆ. ಪ್ರಸ್ತಾವ, ವಿನ್ಯಾಸ, ಒಪ್ಪಿಗೆ, ಅಚ್ಚು ಎಲ್ಲಕ್ಕೂ ಟೈಮ್ ಬೇಕಲ್ವಾ? 2028ರಲ್ಲಿ ಬರೆದರೆ ತಡವಾದೀತು.

ಸೆಮಿನರಿಯವರ ಜೊತೆ ಮಾತಾಡಿ, ದಕ್ಷಿಣ ಕನ್ನಡದ ಸಂಸದರನ್ನೂ ಸೇರಿಸಿಕೊಂಡು ಒಟ್ಟಿಗೆ ಪ್ರಸ್ತಾವ ಕೊಡಿ. ಎರಡು ತುದಿಯ ಇಬ್ಬರು ಸಂಸದರ ಸಹಿಗೆ ತೂಕ ಜಾಸ್ತಿ. ಚೀಟಿ ಮೇಲೆ ಸೆಮಿನರಿಯ ಕಟ್ಟಡ ಇರಲಿ, ಮೊದಲ ದಿನದ ಮುದ್ರೆಯಲ್ಲಿ ಕನ್ನಡ ಇರಲಿ. ಬಿಡುಗಡೆ ಜೆಪ್ಪುವಿನಲ್ಲೇ ಆಗಲಿ. ಅದೇ ದಿನ ಬೀದರ್, ಕಲಬುರಗಿ, ಯಾದಗಿರಿಯ ಅಂಚೆ ಕಚೇರಿಗಳಿಗೂ ನಾಲ್ಕು ಹಾಳೆ ಕಳಿಸಲು ಹೇಳಿ.

ಇಂತಿ,
ಬೀದರ್‌ನ ಒಬ್ಬ ಅಂಚೆ ಚೀಟಿ ಸಂಗ್ರಾಹಕ